ಬೇಸಿಗೆಯಲ್ಲಿ ಬಂದ ಕ್ರಿಸ್‌ಮಸ್ ಸಿನಿಮಾಗಳು

ಡಿಸೆಂಬರ್ ಬಂತು ಅಂದರೆ ಸಿನಿಮಾ ಹುಚ್ಚಿರುವವರ ನಡುವೆ ಒಂದು ಹಳೇ ಜಗಳ ಮತ್ತೆ ಶುರುವಾಗುತ್ತದೆ. 'ಡೈ ಹಾರ್ಡ್' ಕ್ರಿಸ್‌ಮಸ್ ಸಿನಿಮಾ ಹೌದೋ, ಅಲ್ಲವೋ? ಕಥೆ ನಡೆಯುವುದೇ ಕ್ರಿಸ್‌ಮಸ್ ಹಿಂದಿನ ರಾತ್ರಿ, ನಾಯಕನ ಹೆಂಡತಿಯ ಹೆಸರೇ ಹಾಲಿ, ಅಂದರೆ ಕ್ರಿಸ್‌ಮಸ್ ಅಲಂಕಾರಕ್ಕೆ ಬಳಸುವ ಗಿಡದ ಹೆಸರು, ಇನ್ನೇನು ಬೇಕು ಅನ್ನುತ್ತದೆ ಒಂದು ಗುಂಪು. ಅದು ತೆರೆಗೆ ಬಂದಿದ್ದು 1988ರ ಜುಲೈನಲ್ಲಿ, ಸುಮ್ನೆ ಗುಂಡು ಹಾರಿಸುವ ಸಿನಿಮಾ ಅನ್ನುತ್ತದೆ ಇನ್ನೊಂದು. ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಸ್ಟೀವನ್ ಡಿ ಸೋಜಾ ಹೌದು ಅಂದಿದ್ದಾರೆ. ನಾಯಕ ಬ್ರೂಸ್ ವಿಲ್ಲಿಸ್ 2018ರಲ್ಲಿ ವೇದಿಕೆ ಮೇಲೆ ನಿಂತು ಅಲ್ಲವೇ ಅಲ್ಲ ಅಂದರು. ಮಾಡಿದವರಿಗೇ ಒಮ್ಮತ ಇಲ್ಲದ ಮೇಲೆ ನಾವು ಕಿತ್ತಾಡಿದರೆ ತಪ್ಪೇನಿದೆ?

ನಾನು ಮೊದಲಿನಿಂದಲೂ 'ಹೌದು' ಗುಂಪಿನವನು. ಆದರೆ ನನ್ನ ಕಾರಣ ಈಗ ಬದಲಾಗಿದೆ. ಮೊದಲೆಲ್ಲ ಮರ, ದೀಪ, ಹಾಡು ಅಂತ ಲೆಕ್ಕ ಕೊಡುತ್ತಿದ್ದೆ. ಈಗ ಒಂದೇ ಪ್ರಶ್ನೆ ಕೇಳುತ್ತೇನೆ. ಹಬ್ಬವನ್ನು ಕಥೆಯಿಂದ ಕಿತ್ತು ಪಕ್ಕಕ್ಕಿಟ್ಟರೆ ಸಿನಿಮಾ ನಿಲ್ಲುತ್ತದೋ, ಬೀಳುತ್ತದೋ?

ಕಂಪನಿಯೊಂದರ ಗೋಪುರಕ್ಕೆ ನುಗ್ಗಿದ ಕಳ್ಳರು ಪಾರ್ಟಿಯಲ್ಲಿದ್ದವರನ್ನು ಒತ್ತೆ ಇಟ್ಟುಕೊಳ್ಳುವ ಕಥೆ 'ಡೈ ಹಾರ್ಡ್'. ಅದರಿಂದ ಹಬ್ಬ ತೆಗೆದು ನೋಡಿ. ಮಾಮೂಲಿ ಕೆಲಸದ ದಿನ ಆದರೆ ಆ ಗೋಪುರದ ತುಂಬ ಜನ ಇರುತ್ತಾರೆ, ಕಳ್ಳರಿಗೆ ಕೈಯಾಡಿಸಲು ಜಾಗವಿಲ್ಲ. ಭಾನುವಾರ ಆದರೆ ಒಬ್ಬರೂ ಇರುವುದಿಲ್ಲ, ಒತ್ತೆಯಾಳುಗಳೇ ಸಿಗುವುದಿಲ್ಲ. ಕಟ್ಟಡ ಖಾಲಿ, ಒಂದು ಮಹಡಿ ಮಾತ್ರ ಪಾರ್ಟಿಯಿಂದ ತುಂಬಿದೆ ಅನ್ನುವ ಸ್ಥಿತಿ ಹಬ್ಬದ ರಾತ್ರಿ ಬಿಟ್ಟರೆ ಸಿಗುವುದು ಕಷ್ಟ. ದೂರವಾಗಿರುವ ಹೆಂಡತಿಯನ್ನು ನೋಡಲು ನ್ಯೂಯಾರ್ಕ್‌ನ ಪೊಲೀಸೊಬ್ಬ ವಿಮಾನ ಹತ್ತಿ ಲಾಸ್ ಏಂಜಲೀಸ್‌ಗೆ ಬರಲು ಕಾರಣವೂ ಅದೇ ಹಬ್ಬ.

ಕೊನೆಯ ಮುಖಾಮುಖಿಯನ್ನೇ ಹತ್ತಿರದಿಂದ ನೋಡೋಣ. ನಾಯಕನ ಹತ್ತಿರ ಉಳಿದಿರುವುದು ಎರಡೇ ಗುಂಡು. ಮೈಮೇಲೆ ಅಂಗಿ ಇಲ್ಲ, ಕಾಲಿಗೆ ಚಪ್ಪಲಿ ಇಲ್ಲ, ಎಲ್ಲೂ ಏನನ್ನೂ ಬಚ್ಚಿಡಲು ಸಾಧ್ಯವಿಲ್ಲ. ಆಗ ಅವನ ಕಣ್ಣು ಒಂದು ಟೇಪಿನ ಸುರುಳಿ ಮೇಲೆ ಬೀಳುತ್ತದೆ. ಹಬ್ಬದ ಉಡುಗೊರೆ ಕಟ್ಟುವ ಟೇಪು, ಮೇಲೆ ಶುಭಾಶಯ ಅಚ್ಚಾಗಿದೆ. ಅವನು ಪಿಸ್ತೂಲನ್ನು ಬೆನ್ನಿಗೆ ಆ ಟೇಪಿನಿಂದಲೇ ಅಂಟಿಸಿಕೊಂಡು ಬರುತ್ತಾನೆ, ಕೈಲಿದ್ದ ಇನ್ನೊಂದು ಬಂದೂಕನ್ನು ಕೆಳಗೆ ಹಾಕಿ ಎರಡೂ ಕೈ ಮೇಲೆತ್ತುತ್ತಾನೆ. ಎದುರಿನವರಿಗೆ ಕಾಣುವುದು ಬರಿಗೈ ಮಾತ್ರ. ನನ್ನ ಪ್ರಕಾರ ಜಗಳ ಅಲ್ಲಿಗೇ ಮುಗಿಯಿತು. ಅಲ್ಲಿ ಹಬ್ಬ ಗೋಡೆ ಮೇಲಿನ ಅಲಂಕಾರವಲ್ಲ, ನಾಯಕನ ಜೀವ ಉಳಿಸುವ ಸಾಮಾನು.

ಬೇಕಿದ್ದರೆ ಇದನ್ನು ಉಲ್ಟಾ ಮಾಡಿ ನೋಡಿ. 1990ರಲ್ಲಿ ಬಂದ ಎರಡನೇ ಭಾಗವೂ ಕ್ರಿಸ್‌ಮಸ್ ಹಿಂದಿನ ರಾತ್ರಿಯೇ ನಡೆಯುತ್ತದೆ. ಮೊದಲನೆಯದಕ್ಕಿಂತ ಹಿಮ ಜಾಸ್ತಿ. ಆದರೂ ಅದಕ್ಕಾಗಿ ಯಾರೂ ಜಗಳ ಆಡುವುದಿಲ್ಲ. ಅಲ್ಲಿ ಬೇಕಾಗಿದ್ದು ಕೆಟ್ಟ ಹವಾಮಾನ. ಫೆಬ್ರವರಿಯ ಯಾವುದೋ ಬಿರುಗಾಳಿಯ ರಾತ್ರಿ ಇಟ್ಟಿದ್ದರೂ ಕಥೆ ಹಾಗೇ ಸಾಗುತ್ತಿತ್ತು.

ಇದನ್ನು ಅರ್ಥಮಾಡಿಕೊಂಡ ಮೇಲೆ ಆಕ್ಷನ್, ಹಾರರ್, ಥ್ರಿಲ್ಲರ್ ಮಾಡುವವರು ಹಬ್ಬದ ಹಿಂದೆ ಯಾಕೆ ಬೀಳುತ್ತಾರೆ ಅನ್ನುವುದು ತಾನಾಗಿ ಹೊಳೆಯುತ್ತದೆ. ಹಬ್ಬ ಚಿತ್ರಕಥೆಗಾರನಿಗೆ ಎಷ್ಟೋ ವಿಷಯ ಪುಕ್ಕಟೆ ಕೊಡುತ್ತದೆ. ಬೇರೆ ದಿನ ಒಟ್ಟಿಗೆ ಕೂರದವರು ಒಂದೇ ಸೂರಿನಡಿ ಸೇರುತ್ತಾರೆ, ಅದೂ ಮನಸ್ಸಿಲ್ಲದೆ. ಸಹಾಯಕ್ಕೆ ಬರಬೇಕಾದವರು ರಜೆಯಲ್ಲಿರುತ್ತಾರೆ. ಎಲ್ಲರಿಗೂ ಇಷ್ಟು ಹೊತ್ತಿನೊಳಗೆ ಮನೆ ಸೇರಬೇಕು ಅನ್ನುವ ಗಡುವು. ಇದಕ್ಕೆಲ್ಲ ವಿವರಣೆಯ ಒಂದೇ ಒಂದು ಸಾಲು ಬರೆಯಬೇಕಿಲ್ಲ, ನೋಡುವವನಿಗೆ ಮೊದಲೇ ಗೊತ್ತಿರುತ್ತದೆ. 'ಲೀಥಲ್ ವೆಪನ್' ಬರೆದ ಶೇನ್ ಬ್ಲ್ಯಾಕ್ ಈ ರುಚಿ ಹತ್ತಿಸಿಕೊಂಡವರು. 'ದಿ ಲಾಂಗ್ ಕಿಸ್ ಗುಡ್‌ನೈಟ್', 'ಕಿಸ್ ಕಿಸ್ ಬ್ಯಾಂಗ್ ಬ್ಯಾಂಗ್', ಕೊನೆಗೆ 2013ರ 'ಐರನ್ ಮ್ಯಾನ್ 3' ತನಕ ಕ್ರಿಸ್‌ಮಸ್ ಅವರನ್ನು ಬಿಡಲಿಲ್ಲ.

ರಜೆಗೆ ಹೊರಟ ಕುಟುಂಬ ಮನೆಯಲ್ಲೇ ಮರೆತುಹೋದ ಹುಡುಗನ ಕಥೆ 'ಹೋಮ್ ಅಲೋನ್' ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಬೀದಿಯ ಮನೆಗಳೆಲ್ಲ ಖಾಲಿ, ಅದಕ್ಕೇ ಕಳ್ಳರು ಬಂದಿದ್ದಾರೆ. ಮನೆ ತುಂಬ ನೆಂಟರ ಮಕ್ಕಳು, ಅದಕ್ಕೇ ತಲೆ ಎಣಿಕೆಯಲ್ಲಿ ತಪ್ಪಾಗುತ್ತದೆ. ವಿಮಾನಗಳೆಲ್ಲ ಭರ್ತಿ, ಅದಕ್ಕೇ ತಾಯಿಗೆ ವಾಪಸ್ ಬರಲಾಗುವುದಿಲ್ಲ. 1990ರ ನವೆಂಬರ್‌ನಲ್ಲಿ ಬಂದು ಅಮೆರಿಕದಲ್ಲಿ 12 ವಾರ ಮೊದಲ ಸ್ಥಾನದಲ್ಲಿತ್ತು. 1 ಕೋಟಿ 80 ಲಕ್ಷ ಡಾಲರ್ ಹಾಕಿ ಮಾಡಿದ್ದು, ಜಗತ್ತಿನಾದ್ಯಂತ 47 ಕೋಟಿ ಡಾಲರ್ ದಾಟಿಸಿತು. ಖರ್ಚು ಜಾಸ್ತಿಯಾಗುತ್ತಿದೆ ಅಂತ ಮೊದಲು ಇದನ್ನು ಕೈಗೆತ್ತಿಕೊಂಡಿದ್ದ ಸ್ಟುಡಿಯೋ ನಡುವೆಯೇ ಕೈಬಿಟ್ಟಿತ್ತು, ಇನ್ನೊಂದು ಸ್ಟುಡಿಯೋ ಎತ್ತಿಕೊಂಡಿತು. ಕೈಬಿಟ್ಟವರ ಮುಖ ನೋಡಬೇಕಿತ್ತು ನನಗೆ.

ಇದನ್ನು ಎಲ್ಲರೂ ಮಕ್ಕಳ ಸಿನಿಮಾ ಅನ್ನುತ್ತಾರೆ. ನನಗೆ ಇದು ಹಾರರ್ ಸಿನಿಮಾ, ಕೊಲೆಗಾರನ ಕಡೆಯಿಂದ ಹೇಳಿದ್ದು ಅಷ್ಟೇ. ಮನೆಗೆ ನುಗ್ಗಿದವರು ಇಬ್ಬರು ಪೆದ್ದರು. ಕತ್ತಲಲ್ಲಿ ಕಾದು ಕೂತವನಿಗೆ ಪ್ರತಿ ಕೋಣೆ, ಪ್ರತಿ ಮೆಟ್ಟಿಲು ಗೊತ್ತು. ಕಾದ ಬಾಗಿಲ ಹಿಡಿ, ಟಾರ್ ಬಳಿದ ಮೆಟ್ಟಿಲು, ಬರಿಗಾಲಿಗೆ ಚುಚ್ಚುವ ಮೊಳೆ. ಇದೇ ದೃಶ್ಯಗಳಿಗೆ ಬೇರೆ ಸಂಗೀತ ಹಾಕಿ ನೋಡಿ, ಮಕ್ಕಳನ್ನು ಆಚೆ ಕಳಿಸಬೇಕಾಗುತ್ತದೆ.

ಕ್ರಿಸ್‌ಮಸ್ ಒಂದಕ್ಕೇ ಈ ಭಾಗ್ಯ ಅಂದುಕೊಳ್ಳಬೇಡಿ. 1975ರ 'ಜಾಸ್' ನನ್ನ ಲೆಕ್ಕದಲ್ಲಿ ಹಬ್ಬದ ಸಿನಿಮಾನೇ. ಶಾರ್ಕ್ ಕಂಡ ಮೇಲೂ ಮೇಯರ್ ಕಡಲತೀರ ಮುಚ್ಚುವುದಿಲ್ಲ. ಯಾಕೆ? ಜುಲೈ 4ರ ಸ್ವಾತಂತ್ರ್ಯ ದಿನದ ರಜೆ ಬರುತ್ತಿದೆ. ಆ ಪುಟ್ಟ ದ್ವೀಪ ವರ್ಷದ ಅನ್ನ ಸಂಪಾದಿಸುವುದೇ ಆ ಬೇಸಿಗೆಯ ಪ್ರವಾಸಿಗರಿಂದ. ಆ ತಾರೀಕು ತೆಗೆದರೆ ಮೇಯರ್‌ನ ಹಟಕ್ಕೆ ಅರ್ಥವೇ ಇರುವುದಿಲ್ಲ. ಮೀನು ಎಷ್ಟೇ ದೊಡ್ಡದಿರಲಿ, ಜನರನ್ನು ನೀರಿಗೆ ಇಳಿಸಿದ್ದು ಕ್ಯಾಲೆಂಡರು.

ಇನ್ನು ಹಾರರ್. ಹಬ್ಬ ಮತ್ತು ಹಾರರ್ ಸೇರಿದಾಗ ನನ್ನಂಥವರಿಗೆ ಖುಷಿ, ಮಿಕ್ಕವರಿಗೆ ಮುಜುಗರ. 1974ರ ಕೆನಡಾದ 'ಬ್ಲ್ಯಾಕ್ ಕ್ರಿಸ್‌ಮಸ್' ನೋಡಿಲ್ಲದಿದ್ದರೆ ದಯವಿಟ್ಟು ನೋಡಿ. ಕಾಲೇಜು ಹುಡುಗಿಯರ ವಸತಿ ಮನೆ, ರಜೆ ಶುರುವಾಗುತ್ತಿದೆ, ಒಬ್ಬೊಬ್ಬರಾಗಿ ಊರಿಗೆ ಹೊರಟಿದ್ದಾರೆ. ಮೊದಲು ಸಾಯುವ ಹುಡುಗಿಯನ್ನು ಆರಂಭದಲ್ಲಿ ಯಾರೂ ಹುಡುಕುವುದಿಲ್ಲ, ಊರಿಗೆ ಹೋಗಿರಬೇಕು ಅಂದುಕೊಳ್ಳುತ್ತಾರೆ. ಕರೆದುಕೊಂಡು ಹೋಗಲು ಬಂದ ಅಪ್ಪ ಕಾಯುತ್ತಲೇ ಇರುತ್ತಾನೆ. ಅವಳು ಅದೇ ಮನೆಯ ಅಟ್ಟದ ಕಿಟಕಿ ಪಕ್ಕ, ತೂಗುಕುರ್ಚಿಯಲ್ಲಿ, ಮುಖಕ್ಕೆ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿದ್ದಾಳೆ. ಕೆಳಗೆ ಓಡಾಡುವವರು ಯಾರೂ ತಲೆ ಎತ್ತಿ ನೋಡುವುದಿಲ್ಲ. ರಕ್ತ ಹೆಚ್ಚಿಲ್ಲ. ಆದರೆ ಎಲ್ಲರೂ ಎಲ್ಲೋ ಸುಖವಾಗಿರುತ್ತಾರೆ ಅಂತ ಅಂದುಕೊಳ್ಳುವ ರಜೆಯ ಸೋಮಾರಿತನವನ್ನು ಇಷ್ಟು ಕ್ರೂರವಾಗಿ ತೋರಿಸಿದ ಸಿನಿಮಾ ನಾನು ಇನ್ನೊಂದು ನೋಡಿಲ್ಲ.

ಇದನ್ನು ನಿರ್ದೇಶಿಸಿದ ಬಾಬ್ ಕ್ಲಾರ್ಕ್ 1983ರಲ್ಲಿ 'ಎ ಕ್ರಿಸ್‌ಮಸ್ ಸ್ಟೋರಿ' ಮಾಡಿದರು. ಆಟಿಕೆ ಬಂದೂಕಿಗೆ ಆಸೆಪಡುವ ಹುಡುಗನ ನಗುವಿನ ಕಥೆ. 1997ರಿಂದ ಅಮೆರಿಕದ ಕೇಬಲ್ ಟಿವಿಯಲ್ಲಿ ಹಬ್ಬದ ಹೊತ್ತಿಗೆ 24 ಗಂಟೆ ಬಿಡದೆ ಅದೇ ಸಿನಿಮಾ ಓಡುವುದು ಪದ್ಧತಿಯಾಯಿತು. ಒಂದೇ ತಲೆ, ಎರಡು ಕ್ರಿಸ್‌ಮಸ್. ಹಾರರ್, ಥ್ರಿಲ್ಲರ್‌ನಂಥ ಜಾನರ್ ಸಿನಿಮಾ ಮಾಡುವವರಿಗೆ ಮನಸ್ಸೇ ಇಲ್ಲ ಅನ್ನುವವರಿಗೆ ನಾನು ಕೊಡುವ ಉತ್ತರ ಇದು.

'ಬ್ಲ್ಯಾಕ್ ಕ್ರಿಸ್‌ಮಸ್' ತೋರಿಸಿದ ದಾರಿಯಲ್ಲಿ ದುಡ್ಡು ಮಾಡಿದ್ದು 1978ರ 'ಹ್ಯಾಲೋವೀನ್'. 3 ಲಕ್ಷ ಡಾಲರ್ ಚಿಲ್ಲರೆಯ ಸಿನಿಮಾ. ದೆವ್ವದ ವೇಷ ಹಾಕುವ ಹ್ಯಾಲೋವೀನ್ ಹಬ್ಬದ ಕಥೆ, ಅಂದರೆ ಅಕ್ಟೋಬರ್ ಕೊನೆಯದು, ಚಿತ್ರೀಕರಣ ಮಾತ್ರ ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಉದುರಿದ ಎಲೆ ಎಲ್ಲಿಂದ ತರುವುದು? ಎಲೆಗಳಿಗೆ ಬಣ್ಣ ಹಚ್ಚಿ ಹರಡಿದರು, ಶಾಟ್ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿ ಮುಂದಿನ ಶಾಟಿಗೆ ಒಯ್ದರು. ಕೊಲೆಗಾರನ ಮುಖವಾಡ 'ಸ್ಟಾರ್ ಟ್ರೆಕ್' ನಟ ವಿಲಿಯಂ ಶಾಟ್ನರ್ ಮುಖದ ಅಗ್ಗದ ಮಾಸ್ಕು, ಬಿಳಿ ಬಣ್ಣ ಹೊಡೆದದ್ದು. ಇದು ಗೆದ್ದದ್ದೇ ತಡ, ನಿರ್ಮಾಪಕರು ಕ್ಯಾಲೆಂಡರ್ ಹಿಡಿದು ಕೂತರು. ಅಮ್ಮಂದಿರ ದಿನ, ಪ್ರೇಮಿಗಳ ದಿನ, ಹೊಸ ವರ್ಷ, ಏಪ್ರಿಲ್ ಫೂಲ್, ಶುಕ್ರವಾರ 13, ಒಂದನ್ನೂ ಬಿಡಲಿಲ್ಲ. ಜಾಸ್ತಿ ಪಾಲು ಕಸ. ಎಲ್ಲವನ್ನೂ ನೋಡಿದ್ದೇನೆ, ಅದು ಬೇರೆ ಮಾತು.

ಅದರ ನಡುವೆ ಒಂದು ಪಾಪದ ಸಿನಿಮಾ ಇದೆ, 1982ರ 'ಹ್ಯಾಲೋವೀನ್ 3'. ಪ್ರತಿ ವರ್ಷ ಅದೇ ಹಬ್ಬದ ಮೇಲೆ ಬೇರೆ ಬೇರೆ ಕಥೆ ಹೇಳೋಣ ಅನ್ನುವುದು ಮೊದಲ ಭಾಗ ಮಾಡಿದ ಜಾನ್ ಕಾರ್ಪೆಂಟರ್ ಮತ್ತು ಡೆಬ್ರಾ ಹಿಲ್ ಅವರ ಯೋಚನೆ. ಹಾಗಾಗಿ ಮುಖವಾಡದ ಕೊಲೆಗಾರ ಮೈಕಲ್ ಮೈಯರ್ಸ್‌ನನ್ನೇ ಕೈಬಿಟ್ಟರು. ಜನ ಸಿಟ್ಟಾದರು, ಮುಂದಿನ ಭಾಗಕ್ಕೆ ಮುಖವಾಡ ವಾಪಸ್ ಬಂತು. ಹಬ್ಬವೇ ನಾಯಕ ಅಂತ ಅವರು ಅಂದುಕೊಂಡಿದ್ದರು, ಜನಕ್ಕೆ ಬೇಕಿದ್ದದ್ದು ಮೈಕಲ್ ಮೈಯರ್ಸ್. ಈಗ ಅದೇ ಸಿನಿಮಾಗೆ ಅಭಿಮಾನಿಗಳ ಒಂದು ಪಡೆಯೇ ಇದೆ, ನನ್ನನ್ನೂ ಸೇರಿಸಿಕೊಳ್ಳಿ.

ಹಬ್ಬದ ದಿನ ಭಯದ ಸಿನಿಮಾ ಯಾರು ನೋಡುತ್ತಾರೆ ಅನ್ನುವ ಪ್ರಶ್ನೆಗೆ ಉತ್ತರ ಹಳೇದು. 'ದಿ ಎಕ್ಸಾರ್ಸಿಸ್ಟ್' ಬಿಡುಗಡೆಯಾಗಿದ್ದು 1973ರ ಡಿಸೆಂಬರ್ 26ಕ್ಕೆ. 'ಸ್ಕ್ರೀಮ್' ಬಂದಿದ್ದು 1996ರ ಡಿಸೆಂಬರ್ 20ಕ್ಕೆ. ಮೊದಲ ವಾರಾಂತ್ಯದಲ್ಲಿ ಸಿಕ್ಕಿದ್ದು 60 ಲಕ್ಷ ಡಾಲರ್ ಚಿಲ್ಲರೆ, ಕಥೆ ಮುಗಿಯಿತು ಅಂದರು. ಕೊನೆಗೆ ಅಮೆರಿಕದಲ್ಲೇ 10 ಕೋಟಿ ಡಾಲರ್ ದಾಟಿತು. 2024ರ 'ನೊಸ್ಫೆರಾಟು' ಅಲ್ಲಿ ತೆರೆಕಂಡಿದ್ದು ಸರಿಯಾಗಿ ಕ್ರಿಸ್‌ಮಸ್ ದಿನವೇ. ಎಲ್ಲರೂ ನಗುತ್ತಿರಲೇಬೇಕು ಅನ್ನುವ ದಿನ ಎರಡು ಗಂಟೆ ಕತ್ತಲಲ್ಲಿ ಹೆದರಿ ಕೂರಲು ಇಷ್ಟಪಡುವ ಜನ ಯಾವಾಗಲೂ ಇದ್ದಾರೆ.

ಆ ನಗಲೇಬೇಕಾದ ದಿನದ ಬಗ್ಗೆ ಅತ್ಯಂತ ಪ್ರಾಮಾಣಿಕ ಮಾತು ಇರುವುದು ರಬ್ಬರ್ ಬೊಂಬೆಗಳ ಸಿನಿಮಾವೊಂದರಲ್ಲಿ. 1984ರ 'ಗ್ರೆಮ್ಲಿನ್ಸ್'. ಪುಟ್ಟ ರಾಕ್ಷಸರಿಂದ ಊರೆಲ್ಲ ಹಾಳಾಗುತ್ತಿರುವಾಗ ನಾಯಕಿ ನಿಂತು ತನಗೆ ಕ್ರಿಸ್‌ಮಸ್ ಯಾಕೆ ಆಗುವುದಿಲ್ಲ ಅಂತ ಹೇಳುತ್ತಾಳೆ. ಚಿಕ್ಕವಳಿದ್ದಾಗ ಹಬ್ಬಕ್ಕೆ ಅಪ್ಪ ಮನೆಗೆ ಬರಲೇ ಇಲ್ಲ. ದಿನಗಳಾದ ಮೇಲೆ ಚಿಮಣಿಯಿಂದ ವಾಸನೆ. ಸಾಂಟಾ ವೇಷದಲ್ಲಿ ಉಡುಗೊರೆ ಹಿಡಿದು ಇಳಿಯಲು ಹೋಗಿ ಜಾರಿ ಕತ್ತು ಮುರಿದುಕೊಂಡಿದ್ದ. ನಗಬೇಕೋ ಅಳಬೇಕೋ ತಿಳಿಯದ ಮಾತು ಅದು. ಸ್ಟುಡಿಯೋದವರು ಆ ದೃಶ್ಯ ತೆಗೆಯಿರಿ ಅಂದರು, ನಿರ್ದೇಶಕ ಜೋ ಡಾಂಟೆ ಬಿಡಲಿಲ್ಲ. ಪೋಷಕರ ಸಿಟ್ಟಿಗೆ ಗುರಿಯಾದ ಆ ವರ್ಷದ ಎರಡು ಸಿನಿಮಾಗಳಲ್ಲಿ ಇದೂ ಒಂದು, ಇನ್ನೊಂದು ಇಂಡಿಯಾನಾ ಜೋನ್ಸ್ ಎರಡನೆಯ ಭಾಗ. ಆ ಗಲಾಟೆಯಿಂದಲೇ 1984ರ ಜುಲೈನಲ್ಲಿ ಪಿಜಿ-13 ಅನ್ನುವ, 13 ವರ್ಷದೊಳಗಿನ ಮಕ್ಕಳ ಪೋಷಕರನ್ನು ಎಚ್ಚರಿಸುವ ಹೊಸ ಪ್ರಮಾಣಪತ್ರ ಹುಟ್ಟಿತು. ಅಂದ ಹಾಗೆ ಇದರ ಚಿತ್ರಕಥೆ ಬರೆದ ಕ್ರಿಸ್ ಕೊಲಂಬಸ್ ಅವರೇ ಮುಂದೆ 'ಹೋಮ್ ಅಲೋನ್' ನಿರ್ದೇಶಿಸಿದ್ದು.

ಈ 'ಗ್ರೆಮ್ಲಿನ್ಸ್' ಬಂದಿದ್ದೂ ಜೂನ್‌ನಲ್ಲಿ. ಎರಡನೇ 'ಬ್ಯಾಟ್‌ಮ್ಯಾನ್', ಅಂದರೆ ಹಿಮದಲ್ಲಿ ಮುಳುಗಿದ 1992ರ 'ಬ್ಯಾಟ್‌ಮ್ಯಾನ್ ರಿಟರ್ನ್ಸ್', ಅದೂ ಜೂನ್. ಅಷ್ಟೇಕೆ, ಸಾಕ್ಷಾತ್ ಸಾಂಟಾ ಕ್ಲಾಸ್‌ನನ್ನೇ ಕೋರ್ಟಿಗೆಳೆಯುವ 1947ರ 'ಮಿರಾಕಲ್ ಆನ್ 34ತ್ ಸ್ಟ್ರೀಟ್' ಕೂಡ ಬೇಸಿಗೆಗೆ ಬಂದ ಸಿನಿಮಾ. ಜನ ಚಿತ್ರಮಂದಿರಕ್ಕೆ ಜಾಸ್ತಿ ಬರುವುದು ಬೇಸಿಗೆಯಲ್ಲಿ ಅಂತ ಸ್ಟುಡಿಯೋ ಮುಖ್ಯಸ್ಥ ಡ್ಯಾರಿಲ್ ಝಾನಕ್ ಹಟ ಹಿಡಿದರು, ಪ್ರಚಾರದಲ್ಲಿ ಕ್ರಿಸ್‌ಮಸ್ ವಿಷಯವನ್ನೇ ಮುಚ್ಚಿಟ್ಟರು. ಹಾಗಾಗಿ ಬಿಡುಗಡೆಯ ತಾರೀಕು ಹಿಡಿದು ವಾದ ಮಾಡುವವರನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಹಬ್ಬದ ಸಿನಿಮಾ ಅನ್ನುವ ಪಟ್ಟ ಕಟ್ಟುವವರು ಯಾರು? 'ಇಟ್ಸ್ ಎ ವಂಡರ್‌ಫುಲ್ ಲೈಫ್' ಕಥೆ ಕೇಳಿ. 1946ರ ಬಿರುಬೇಸಿಗೆಯಲ್ಲಿ ಚಿತ್ರೀಕರಣ. ಆ ಕಾಲದಲ್ಲಿ ಹಿಮ ಅಂದರೆ ಬಿಳಿ ಬಣ್ಣ ಹಚ್ಚಿದ ಕಾರ್ನ್‌ಫ್ಲೇಕ್ಸ್. ಅದರ ಮೇಲೆ ನಡೆದರೆ ಕರಕರ ಸದ್ದು, ಮಾತೆಲ್ಲ ಆಮೇಲೆ ಮತ್ತೆ ಧ್ವನಿಮುದ್ರಿಸಬೇಕು. ನಿರ್ದೇಶಕ ಫ್ರಾಂಕ್ ಕಾಪ್ರಾ ಅವರಿಗೆ ಅದು ಬೇಡವಾಗಿತ್ತು. ಅವರ ತಂಡ ಬೆಂಕಿ ನಂದಿಸುವ ನೊರೆಗೆ ಸೋಪು, ನೀರು ಬೆರೆಸಿ ಫ್ಯಾನಿನಿಂದ ಹಾರಿಸಿತು. ಸದ್ದಿಲ್ಲದ ಹಿಮ. ಅದಕ್ಕೆ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಆ ಹಿಮ ಸುರಿಯುವಾಗ ಸೇತುವೆ ಮೇಲೆ ನಿಂತ ನಾಯಕ ಜೇಮ್ಸ್ ಸ್ಟೀವರ್ಟ್ ಮುಖ ಗಮನಿಸಿ, ಬೆವರುತ್ತಿದ್ದಾರೆ.

ಸಿನಿಮಾ ಮಾತ್ರ ನಷ್ಟ ಮಾಡಿತು, ಜನ ಮರೆತರು. 28 ವರ್ಷಕ್ಕೆ ಹಕ್ಕುಸ್ವಾಮ್ಯ ನವೀಕರಿಸಬೇಕಿತ್ತು. 1974ರಲ್ಲಿ ಯಾರೂ ಅರ್ಜಿ ಹಾಕಲಿಲ್ಲ. ಟಿವಿ ಚಾನೆಲ್‌ಗಳಿಗೆ ಪುಕ್ಕಟೆ ಹಬ್ಬದೂಟ! ಪ್ರತಿ ಡಿಸೆಂಬರ್, ಪ್ರತಿ ಚಾನೆಲ್, ಹೊತ್ತು ಗೊತ್ತಿಲ್ಲದೆ ಹಾಕಿದರು. ಒಂದು ತಲೆಮಾರು ಅದನ್ನು ನೋಡುತ್ತಲೇ ಬೆಳೆಯಿತು. 1990ರಲ್ಲಿ ಬೇರೊಂದು ಸಿನಿಮಾದ ವ್ಯಾಜ್ಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೂಲ ಕಥೆಯ ಹಕ್ಕು ಇದ್ದವರ ಪರ ತೀರ್ಪು ಕೊಟ್ಟಿತು. ಅದನ್ನೇ ಹಿಡಿದು 1993ರಲ್ಲಿ, ಮೂಲ ಕಥೆಯ ಹಕ್ಕು ಹೊಂದಿದ್ದ ರಿಪಬ್ಲಿಕ್ ಪಿಕ್ಚರ್ಸ್ ಕಂಪನಿ ಈ ಸಿನಿಮಾವನ್ನು ಮತ್ತೆ ಹತೋಟಿಗೆ ತಂದಿತು. ಅಷ್ಟರೊಳಗೆ ಅದು ಎಲ್ಲರ ಮನೆಯದಾಗಿತ್ತು. ಒಬ್ಬ ಗುಮಾಸ್ತ ಅವತ್ತು ಮರೆಯದೇ ಇದ್ದಿದ್ದರೆ ಈ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತಿರುತ್ತಿತ್ತೋ.

ಈಗಿನ ತಾಪತ್ರಯ ಇಲ್ಲೇ ಇರುವುದು. ಹಬ್ಬದ ಸಿನಿಮಾಗಳಿಗೆ ಬರವಿಲ್ಲ, ಸುಗ್ಗಿಯೇ ಇದೆ. ಹಾಲ್‌ಮಾರ್ಕ್ ಚಾನೆಲ್ 2009ರಿಂದ ಕ್ರಿಸ್‌ಮಸ್‌ಗೆ ದಿನ ಎಣಿಸುವ ಮಾಲೆಯನ್ನೇ ಶುರುಮಾಡಿತು. ವರ್ಷಕ್ಕೆ ಹತ್ತಾರು ಸಿನಿಮಾ, ಎಷ್ಟೋ ಕೆನಡಾದಲ್ಲಿ, ಮೂರು ವಾರದೊಳಗೆ ಮುಗಿಯುವಂಥವು. ದೊಡ್ಡ ನಗರದ ಹುಡುಗಿ, ಚಿಕ್ಕ ಊರು, ಚೌಕಳಿ ಅಂಗಿಯ ಹುಡುಗ, ಮುಚ್ಚಿಹೋಗಲಿರುವ ಒಂದು ಬೇಕರಿ. ನಾನು ಇವುಗಳನ್ನು ಆಡಿಕೊಳ್ಳುವುದಿಲ್ಲ. ಕೊಟ್ಟ ಮಾತಿನಂತೆ ನಡೆದುಕೊಳ್ಳುತ್ತವೆ, ಪಾಪ. ಆದರೆ ಅವುಗಳಲ್ಲಿ ಪ್ರತಿ ಫ್ರೇಮಿನಲ್ಲೂ ಹಬ್ಬ ಇದೆ, ಕಥೆಯಲ್ಲಿ ಇಲ್ಲ. ಮರ ತೆಗೆದು ದ್ರಾಕ್ಷಿ ತೋಟ ಇಟ್ಟರೂ ನಡೆಯುತ್ತದೆ.

ಇನ್ನೊಂದು ತುದಿಯಲ್ಲಿ 2024ರ 'ರೆಡ್ ಒನ್'. ಅಪಹರಣಕ್ಕೊಳಗಾದ ಸಾಂಟಾ, ಡ್ವೇನ್ ಜಾನ್ಸನ್, ಸುಮಾರು 25 ಕೋಟಿ ಡಾಲರ್ ಖರ್ಚು. ಚಿತ್ರಮಂದಿರದಲ್ಲಿ ಬಂದಿದ್ದು 19 ಕೋಟಿಗೂ ಕಡಿಮೆ. ಬಿಡುಗಡೆಯಾದ ಮರುತಿಂಗಳು ಪ್ರೈಮ್ ವಿಡಿಯೋಗೆ ಹಾಕಿದಾಗ ನಾಲ್ಕು ದಿನದಲ್ಲಿ 5 ಕೋಟಿ ಜನ ನೋಡಿದರು ಅಂತ ಕಂಪನಿ ಹೇಳಿಕೊಂಡಿತು. ನಂಬೋಣ. ಆದರೆ ಅದರ ಒಂದು ದೃಶ್ಯ ಹೇಳಿ ಅಂದರೆ ನನಗೆ ತಡವರಿಸಬೇಕಾಗುತ್ತದೆ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಾಂಟಾ ವೇಷದ ಕೋಡಂಗಿ ಕೊಲೆಗಾರನ 'ಟೆರಿಫೈಯರ್ 3' ಸುಮಾರು 20 ಲಕ್ಷ ಡಾಲರ್‌ನಲ್ಲಿ ತಯಾರಾಗಿ 8 ಕೋಟಿಗೂ ಜಾಸ್ತಿ ಬಾಚಿತು. ನನಗೆ ಅದರ ರಕ್ತಪಾತ ಅತಿಯಾಯಿತು, ಅರ್ಧಕ್ಕೆ ಕಣ್ಣು ಮುಚ್ಚಿಕೊಂಡೆ. ಆದರೆ ಅದು ಯಾರಿಗಾಗಿ ಅಂತ ಮಾಡಿದವರಿಗೆ ಗೊತ್ತಿತ್ತು. ಎಲ್ಲರಿಗಾಗಿ ಅಂತ ಮಾಡಿದ್ದು 'ರೆಡ್ ಒನ್'. ಇವೆರಡಕ್ಕಿಂತ ನನಗೆ ಇಷ್ಟವಾಗಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ 'ಕ್ಯಾರಿ-ಆನ್'. ಹಬ್ಬದ ಹಿಂದಿನ ದಿನದ ವಿಮಾನ ನಿಲ್ದಾಣ, ಮುಗಿಯದ ಸಾಲು, ಸ್ಕ್ಯಾನರ್ ಮುಂದೆ ಕೂತ ಒಬ್ಬ ನೌಕರ, ಕಿವಿಯಲ್ಲಿ ಅವನನ್ನು ಬೆದರಿಸುವ ಒಂದು ದನಿ. ಆ ನೂಕುನುಗ್ಗಲು ಇಲ್ಲದಿದ್ದರೆ ಕಥೆಯೇ ಇಲ್ಲ. ನನ್ನ ಪರೀಕ್ಷೆಯಲ್ಲಿ ಸಲೀಸಾಗಿ ಪಾಸು. 'ಡೈ ಹಾರ್ಡ್'ನ ಮೊಮ್ಮಗ ಅನ್ನಬಹುದು.

ಆದರೆ ಇನ್ನು ಹತ್ತು ವರ್ಷಕ್ಕೆ 'ಕ್ಯಾರಿ-ಆನ್' ಬಗ್ಗೆ ಜನ ಜಗಳ ಆಡುತ್ತಾರಾ? ಟಿವಿ ಕಾಲದಲ್ಲಿ ಎಲ್ಲರೂ ಒಂದೇ ಸಿನಿಮಾವನ್ನು, ಬೇಕಿರಲಿ ಬೇಡದಿರಲಿ, ಮತ್ತೆ ಮತ್ತೆ ನೋಡಬೇಕಿತ್ತು. ಸ್ಟ್ರೀಮಿಂಗ್‌ನಲ್ಲಿ ಪ್ರತಿ ನವೆಂಬರ್‌ಗೆ ಹೊಸ ಬೆಳೆ ಬಂದು ಮೊದಲ ಸಾಲಿನಲ್ಲಿ ಕೂರುತ್ತದೆ, ಹೋದ ವರ್ಷದ್ದು ಕೆಳಕ್ಕೆ ಸರಿಯುತ್ತದೆ. ಹಳೇದನ್ನು ನೋಡಬೇಕಾದರೆ ಹೆಸರು ನೆನಪಿಟ್ಟು ಹುಡುಕಬೇಕು. ಅಕಸ್ಮಾತ್ತಾಗಿ ಕಣ್ಣಿಗೆ ಬೀಳುವ ಭಾಗ್ಯ ಅದಕ್ಕಿಲ್ಲ.

2017ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಒಂದು ತಮಾಷೆಯ ಟ್ವೀಟ್ ಹಾಕಿತ್ತು. ತನ್ನದೇ 'ಎ ಕ್ರಿಸ್‌ಮಸ್ ಪ್ರಿನ್ಸ್' ಅನ್ನುವ ಅಗ್ಗದ ರಾಜಕುಮಾರನ ಪ್ರೇಮಕಥೆಯನ್ನು 53 ಜನ 18 ದಿನದಿಂದ ದಿನಾ ನೋಡುತ್ತಿದ್ದಾರೆ, ಯಾರು ನಿಮ್ಮ ಮನಸ್ಸು ಮುರಿದರು ಅಂತ ಕೇಳಿತ್ತು. ಜನ ನಕ್ಕರು, ಕೆಲವರು ನಮ್ಮ ಮೇಲೆ ಕಣ್ಣಿಟ್ಟಿದ್ದೀರಾ ಅಂತ ರೇಗಿದರು. ನನಗೆ ಆ ಸಿನಿಮಾ ಇಪ್ಪತ್ತು ನಿಮಿಷಕ್ಕೆ ಸಾಕಾಗಿತ್ತು. ಆದರೂ ಆ 53 ಜನರ ನೆನಪು ಪ್ರತಿ ಡಿಸೆಂಬರ್ ಬರುತ್ತದೆ. ಹಿಂದೆ ಟಿವಿ ಚಾನೆಲ್‌ಗಳು ಪುಕ್ಕಟೆ ಸಿಕ್ಕಿತು ಅಂತ ಮಾಡಿದ ಕೆಲಸವನ್ನು ಇವರು ಪಾಪ ತಾವಾಗಿಯೇ, ರಿಮೋಟ್ ಹಿಡಿದು, ದಿನಾ ಸಂಜೆ ಮಾಡುತ್ತಿದ್ದರು. ಅವರನ್ನು ಗೇಲಿ ಮಾಡಿದ ಕಂಪನಿಯೇ ಆಮೇಲೆ ಆ ಸಿನಿಮಾದ ಇನ್ನೆರಡು ಭಾಗ ಮಾಡಿತು.